ವಿಜಯಾ ಹೋಯಿತು, ಸಿಂಡಿಕೇಟ್ ಹೋಯಿತು, ಕಾರ್ಪೊರೇಷನ್ನೂ ಹೋಯಿತು: ಬ್ಯಾಂಕ್ ವಿಲೀನದ ಹಿಂದುಮುಂದು

2025ರ ಕೊನೆಯ ತಿಂಗಳುಗಳಲ್ಲಿ ಬ್ಯಾಂಕುಗಳ ಬಗ್ಗೆ ಎರಡು ಬಗೆಯ ಸುದ್ದಿಗಳು ಬೆನ್ನುಬೆನ್ನಿಗೆ ಬಂದವು. ಭಾರತಕ್ಕೆ ಜಾಗತಿಕ ಮಟ್ಟದ ದೊಡ್ಡ ಬ್ಯಾಂಕುಗಳು ಬೇಕು, ಈ ಬಗ್ಗೆ ರಿಸರ್ವ್ ಬ್ಯಾಂಕ್ ಜತೆ ಮಾತುಕತೆ ನಡೆದಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ಸರ್ಕಾರಿ ಬ್ಯಾಂಕುಗಳ ಮತ್ತೊಂದು ಸುತ್ತಿನ ವಿಲೀನ ಬರುತ್ತಿದೆ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಅದೇ ಹೊತ್ತಿಗೆ ಜಪಾನಿನ ಒಂದು ಬ್ಯಾಂಕು ಯೆಸ್ ಬ್ಯಾಂಕಿನ ದೊಡ್ಡ ಪಾಲುದಾರನಾಯಿತು. ದುಬೈನ ಇನ್ನೊಂದು ಬ್ಯಾಂಕು ಆರ್‌ಬಿಎಲ್ ಬ್ಯಾಂಕಿನ ಶೇ 60ರಷ್ಟು ಪಾಲನ್ನು ಕೊಳ್ಳುವುದಾಗಿ ಘೋಷಿಸಿತು.

ಒಂದು ಕಡೆ ವಿದೇಶಿ ಬ್ಯಾಂಕುಗಳನ್ನು ಎದುರಿಸಲು ನಮ್ಮ ಬ್ಯಾಂಕುಗಳು ದೊಡ್ಡದಾಗಬೇಕು ಎನ್ನುವ ಮಾತು. ಇನ್ನೊಂದು ಕಡೆ ನಮ್ಮ ಬ್ಯಾಂಕುಗಳನ್ನು ಕೊಳ್ಳಲು ವಿದೇಶಿ ಬ್ಯಾಂಕುಗಳಿಗೆ ಬಾಗಿಲು. ಈ ಎರಡೂ ಒಟ್ಟಿಗೆ ಹೇಗೆ ನಡೆಯುತ್ತಿವೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡಿಗರಿಗೆ ಅದು ತೀರ ದೂರದ ಕಥೆಯೂ ಅಲ್ಲ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಹುಟ್ಟಿದ ಬ್ಯಾಂಕುಗಳ ಪಟ್ಟಿ ನೋಡಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟಿ ಮತ್ತು ಜತೆಗಾರರ ವಿಜಯಾ. ಘಟ್ಟದ ಮೇಲೆ 1913ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬಂದ ಮೈಸೂರು ಬ್ಯಾಂಕು, 1930ರಲ್ಲಿ ಬೆಂಗಳೂರಿನ ವೈಶ್ಯ ಬ್ಯಾಂಕು. 1928ರಲ್ಲಿ ಸಿಂಡಿಕೇಟ್ ಶುರು ಮಾಡಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಾ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಮೀನು ಮಾರುವವರು, ನೇಕಾರರು, ಬೀಡಿ ಕಟ್ಟುವವರ ಉಳಿತಾಯ ಬ್ಯಾಂಕಿನೊಳಗೆ ಬಂದದ್ದು ಹೀಗೆ.

ವಿಲೀನ ಎನ್ನುವುದು ಆಗಲೂ ಇತ್ತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ, ದುರ್ಬಲ ಬ್ಯಾಂಕುಗಳನ್ನು ಕಡ್ಡಾಯವಾಗಿ ಬೇರೆ ಬ್ಯಾಂಕಿಗೆ ಸೇರಿಸುವ ದಾರಿ ಕಾನೂನಿನಲ್ಲಿ ತೆರೆಯಿತು. ಆ ದಶಕದಲ್ಲಿ ನೂರಾರು ಸಣ್ಣ ಬ್ಯಾಂಕುಗಳು ಮಾಯವಾದವು. ವಿಜಯಾದ ಅಧ್ಯಕ್ಷರಾಗಿದ್ದ ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ, 1963ರಿಂದ 68ರೊಳಗೆ, ವಿಜಯಾ ಬ್ಯಾಂಕು ಒಂಬತ್ತು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಮುಂದೆ ತಾನೂ ಹಾಗೇ ಸೇರಿಹೋಗಬೇಕಾದೀತು ಎಂದು ಆಗ ಯಾರೂ ಎಣಿಸಿರಲಾರರು. 1969ರ ಜುಲೈಯಲ್ಲಿ 14 ಬ್ಯಾಂಕುಗಳು, 1980ರ ಏಪ್ರಿಲ್‌ನಲ್ಲಿ ಇನ್ನೂ ಆರು ರಾಷ್ಟ್ರೀಕರಣಗೊಂಡವು. ಮೊದಲ ಸುತ್ತಿನಲ್ಲಿ ಕೆನರಾ, ಸಿಂಡಿಕೇಟ್. ಎರಡನೆಯದರಲ್ಲಿ ಕಾರ್ಪೊರೇಷನ್, ವಿಜಯಾ.

ಉದಾರೀಕರಣದ ನಂತರ ಬಂದ, ಬ್ಯಾಂಕಿಂಗ್ ಸುಧಾರಣೆ ಕುರಿತ ನರಸಿಂಹಂ ಸಮಿತಿಯ ಎರಡು ವರದಿಗಳೇ (1991 ಮತ್ತು 1998) ಇವತ್ತಿನ ಎಲ್ಲ ವಾದಗಳ ಬೇರು. ಜಾಗತಿಕ ಮಟ್ಟದ ಮೂರು-ನಾಲ್ಕು ಬ್ಯಾಂಕು, ಅದರ ಕೆಳಗೆ ದೇಶವ್ಯಾಪಿ ಎಂಟು-ಹತ್ತು, ಉಳಿದವು ಸ್ಥಳೀಯ ಎಂಬ ನಕ್ಷೆಯನ್ನು ಸಮಿತಿ ಬಿಡಿಸಿತು. ಈ ನಕ್ಷೆಯ ಮೊದಲ ಸಾಲನ್ನು ಎಲ್ಲರೂ ಉದ್ಧರಿಸುತ್ತಾರೆ. ಎರಡನೆಯ ವರದಿಯಲ್ಲಿದ್ದ ಎಚ್ಚರಿಕೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಗಟ್ಟಿ ಬ್ಯಾಂಕುಗಳು ತಮ್ಮತಮ್ಮಲ್ಲೇ ಸೇರಬೇಕು. ದುರ್ಬಲ ಬ್ಯಾಂಕನ್ನು ಪಾರುಮಾಡಲು ವಿಲೀನವನ್ನು ಬಳಸಬಾರದು, ಬಳಸಿದರೆ ಗಟ್ಟಿ ಬ್ಯಾಂಕಿನ ಆರೋಗ್ಯವೂ ಕೆಡುತ್ತದೆ ಎಂದು ಅದು ಹೇಳಿತ್ತು.

ಆಮೇಲೆ ಸುಮಾರು ಇಪ್ಪತ್ತು ವರ್ಷ ಸಮಿತಿ, ವಿಚಾರಸಂಕಿರಣ, ಭಾಷಣಗಳಲ್ಲೇ ಕಳೆದವು. ವಿಷಯಕ್ಕೆ ನಿಜವಾದ ಬಿಸಿ ತಟ್ಟಿದ್ದು 2015ರಲ್ಲಿ. ಮರೆಯಲ್ಲಿದ್ದ ಕೆಟ್ಟ ಸಾಲಗಳನ್ನೆಲ್ಲ ಲೆಕ್ಕಕ್ಕೆ ತನ್ನಿ ಎಂದು ರಿಸರ್ವ್ ಬ್ಯಾಂಕ್ ಪಟ್ಟುಹಿಡಿದಾಗ, 2018ರ ಮಾರ್ಚ್ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇ 14.6ರಷ್ಟು ಅನುತ್ಪಾದಕ, ಅಂದರೆ ಕಂತು ಬಾರದೆ ನಿಂತ ಸಾಲವೆಂದು ಗೊತ್ತಾಯಿತು. ವಿಲೀನದ ಕಡತ ಮತ್ತೆ ಮೇಜಿನ ಮೇಲೆ ಬಂದದ್ದು ಆ ಗಾಬರಿಯಲ್ಲಿ.

2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸೇರಿದಂತೆ ಐದು ಸಹವರ್ತಿ ಬ್ಯಾಂಕುಗಳು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ (ಎಸ್‌ಬಿಐ) ಹೋದವು. ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತಕ್ಕೆ ಹೆಸರು ಉಳಿಯಿತು, ಬ್ಯಾಂಕು ಉಳಿಯಲಿಲ್ಲ. 1960ರಿಂದಲೇ ಅದು ಎಸ್‌ಬಿಐ ಮನೆಯದಾಗಿದ್ದರಿಂದ ಬೇಸರ ಇದ್ದರೂ ಆಶ್ಚರ್ಯ ಇರಲಿಲ್ಲ.

ವಿಜಯಾ ಬ್ಯಾಂಕಿನದು ಹಾಗಲ್ಲ. 2018ರ ಸೆಪ್ಟೆಂಬರ್ 17ರಂದು ಬ್ಯಾಂಕ್ ಆಫ್ ಬರೋಡಾ, ವಿಜಯಾ, ದೇನಾ ಮೂರನ್ನೂ ಒಂದು ಮಾಡುವ ಪ್ರಸ್ತಾವ ಹೊರಬಂತು. ಬಹುತೇಕ ಸರ್ಕಾರಿ ಬ್ಯಾಂಕುಗಳು ನಷ್ಟದಲ್ಲಿದ್ದ 2017-18ರಲ್ಲಿ ವಿಜಯಾ 727 ಕೋಟಿ ರೂಪಾಯಿ ನಿವ್ವಳ ಲಾಭ ಮಾಡಿತ್ತು. 2018ರ ಜೂನ್‌ನಲ್ಲಿ ಅದರ ನಿವ್ವಳ ಅನುತ್ಪಾದಕ ಸಾಲ ಶೇ 4.10. ಬರೋಡಾದ್ದು 5.40. ಹೊಸ ಸಾಲ ಕೊಡುವುದಕ್ಕೇ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾಗಿದ್ದ ದೇನಾದ್ದು 11.04. ಎರಡು ಗಟ್ಟಿ ಬ್ಯಾಂಕುಗಳ ನಡುವೆ ಒಂದು ದುರ್ಬಲ ಬ್ಯಾಂಕು ಎಂದು ಸರ್ಕಾರವೇ ವಿವರಿಸಿತು. 1998ರ ಎಚ್ಚರಿಕೆಗೆ ಇದು ಸರಿಯಾಗಿ ತಿರುಗುಮುರುಗು. ವಿಜಯಾದ ಒಂದು ಸಾವಿರ ಷೇರಿಗೆ ಬರೋಡಾದ 402 ಷೇರು ಸಿಕ್ಕಿತು. ಡಿಸೆಂಬರ್ 26ರಂದು ದೇಶದಾದ್ಯಂತ ಬ್ಯಾಂಕ್ ನೌಕರರ ಮುಷ್ಕರ ನಡೆಯಿತು. 2019ರ ಜನವರಿ 2ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಏಪ್ರಿಲ್ 1ಕ್ಕೆ ಎಲ್ಲ ಮುಗಿದಿತ್ತು.

2019ರ ಆಗಸ್ಟ್ 30ರಂದು ಹತ್ತು ಬ್ಯಾಂಕುಗಳನ್ನು ನಾಲ್ಕಕ್ಕೆ ಇಳಿಸುವ ಘೋಷಣೆ. ಸಿಂಡಿಕೇಟ್ ಕೆನರಾಕ್ಕೆ; ಕಾರ್ಪೊರೇಷನ್ ಮತ್ತು ಆಂಧ್ರ ಬ್ಯಾಂಕುಗಳು ಮುಂಬೈಯ ಯೂನಿಯನ್ ಬ್ಯಾಂಕಿಗೆ. ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು, ದೇಶವೇ ಲಾಕ್‌ಡೌನ್‌ನಲ್ಲಿದ್ದಾಗ. ಬೀಳ್ಕೊಡುಗೆ ಸಭೆಗೂ ಅವಕಾಶ ಇರಲಿಲ್ಲ. ಸರ್ಕಾರಿ ಬ್ಯಾಂಕುಗಳ ಸಂಖ್ಯೆ 2017ರ 27ರಿಂದ 12ಕ್ಕೆ ಇಳಿಯಿತು.

ಜೋಡಿಗಳನ್ನು ಆರಿಸಿದ ತರ್ಕ ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಯಾವ ಬ್ಯಾಂಕು ಯಾವ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ (ಎಲ್ಲ ಶಾಖೆಗಳ ಖಾತೆಗಳನ್ನು ಒಂದೆಡೆ ನಡೆಸುವ ವ್ಯವಸ್ಥೆ) ಬಳಸುತ್ತಿದೆ ಎಂಬುದಕ್ಕೆ ದೊಡ್ಡ ತೂಕ ಇತ್ತು. ಕೆನರಾ ಮತ್ತು ಸಿಂಡಿಕೇಟ್ ಎರಡರಲ್ಲೂ ಐ-ಫ್ಲೆಕ್ಸ್; ಯೂನಿಯನ್, ಆಂಧ್ರ, ಕಾರ್ಪೊರೇಷನ್ ಮೂರರಲ್ಲೂ ಫಿನಾಕಲ್. ಗಣಕ ವ್ಯವಸ್ಥೆ ಬೇಗ ಹೊಂದಬೇಕೆಂಬುದು ನ್ಯಾಯವೇ. ಆದರೆ ಕೆನರಾ-ಸಿಂಡಿಕೇಟ್ ಎರಡೂ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ಕರಾವಳಿಯ ಎಷ್ಟೋ ಪೇಟೆಗಳಲ್ಲಿ ಎರಡರ ಶಾಖೆಗಳೂ ಒಂದೇ ರಸ್ತೆಯಲ್ಲಿದ್ದವು. ಸ್ಪರ್ಧಿಗಳಾಗಿದ್ದವು ಒಂದಾದ ಮೇಲೆ ಗ್ರಾಹಕನಿಗೆ ಉಳಿದದ್ದು ಒಂದು ಬಾಗಿಲು. ಇಲ್ಲಿ ಸಾಲ ಸಿಗದಿದ್ದರೆ ಎದುರಿನ ಬ್ಯಾಂಕಿಗೆ ಹೋಗುತ್ತೇನೆ ಎಂಬ ಸಣ್ಣ ವ್ಯಾಪಾರಿಯ ಮಾತಿಗೆ ಮೊದಲಿನ ಬಲ ಇಲ್ಲ.

ಗ್ರಾಹಕರ ಮಟ್ಟದಲ್ಲಿ ವಿಲೀನ ಎಂದರೆ ಹಣ ವರ್ಗಾವಣೆಗೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡು. 2021ರ ಜುಲೈ 1ರಿಂದ ಸಿಂಡಿಕೇಟ್‌ನ ಎಸ್‌ವೈಎನ್‌ಬಿ ಕೋಡುಗಳು ಕೆಲಸ ಮಾಡುವುದು ನಿಂತು, ಕೆನರಾದ ಸಿಎನ್‌ಆರ್‌ಬಿ ಕೋಡುಗಳು ಬಂದವು. ಹಳೆಯ ಅಂಕಿಗೆ ಹತ್ತು ಸಾವಿರ ಕೂಡಿಸಿದರೆ ಹೊಸದು. ಕೇಳಲು ಸುಲಭ. ಆದರೆ ಪಿಂಚಣಿ, ವಿದ್ಯಾರ್ಥಿವೇತನ, ಗ್ಯಾಸ್ ಸಬ್ಸಿಡಿ, ವಿಮೆಯ ಕಂತು, ಗಲ್ಫ್‌ನಿಂದ ಮಗ ಕಳಿಸುವ ಹಣ ಇವೆಲ್ಲದರ ಬೆನ್ನಿಗೂ ಒಂದೊಂದು ಅರ್ಜಿ, ಒಂದೊಂದು ಓಡಾಟ. ಹೊಸ ಚೆಕ್ ಪುಸ್ತಕ, ಹೊಸ ಪಾಸ್‌ಬುಕ್, ಹೊಸ ಆ್ಯಪ್. ಕಟ್ಟಕಡೆಗೆ ಎಲ್ಲ ಸರಿಹೋಯಿತು ಎನ್ನುವುದೂ ನಿಜ.

ಕೋಡಿಗಿಂತ ದೊಡ್ಡ ಬದಲಾವಣೆ ಮುಖ್ಯ ಕಚೇರಿಗಳದು. ಮಣಿಪಾಲದಲ್ಲಿದ್ದ ಸಿಂಡಿಕೇಟ್‌ನದು ಬೆಂಗಳೂರಿಗೆ, ಮಂಗಳೂರಿನಲ್ಲಿದ್ದ ಕಾರ್ಪೊರೇಷನ್‌ನದು ಮುಂಬೈಗೆ, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ವಿಜಯಾದ್ದು ವಡೋದರಾ-ಮುಂಬೈಗೆ. ಕಚೇರಿಯ ಜತೆ ದೊಡ್ಡ ಸಾಲದ ಮಂಜೂರಾತಿ, ನೇಮಕ, ಖರೀದಿ, ಜಾಹೀರಾತು ಎಲ್ಲ ಹೋಗುತ್ತದೆ. ಕೌಂಟರಿನಲ್ಲಿ ಕನ್ನಡ ಬರುವವರು ಕೂರಬೇಕು ಎಂಬ ಜಗಳ ಈಚೆಗೆ ಹೆಚ್ಚಾಗಿರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಲಾಗದು.

ವಿಲೀನದ ಸಮರ್ಥಕರ ಕೈಯಲ್ಲಿ ಒಳ್ಳೆಯ ಅಂಕಿಗಳಿವೆ. 2017-18ರಲ್ಲಿ ಸರ್ಕಾರಿ ಬ್ಯಾಂಕುಗಳೆಲ್ಲ ಸೇರಿ 85 ಸಾವಿರ ಕೋಟಿಗೂ ಮೀರಿ ನಷ್ಟ ತೋರಿಸಿದ್ದವು. 2024-25ರಲ್ಲಿ ಸುಮಾರು 1.78 ಲಕ್ಷ ಕೋಟಿ ಲಾಭ. ಆದರೆ ನಡುವೆ ಸುಮಾರು 3 ಲಕ್ಷ ಕೋಟಿ ರೂಪಾಯಿ ಮರುಬಂಡವಾಳ ಹರಿದುಬಂತು, ಸಾಲ ತೀರಿಸದ ಕಂಪನಿಗಳ ಮೇಲಿನ, 2016ರಲ್ಲೇ ಬಂದಿದ್ದ ದಿವಾಳಿ ಸಂಹಿತೆಯ ಬಳಕೆ ನಡೆಯಿತು, ಹಳೆಯ ಸಾಲಗಳು ಪುಸ್ತಕದಿಂದ ಹೊರಹೋದವು. ಯಾವುದೇ ದೊಡ್ಡ ಬ್ಯಾಂಕಿನೊಂದಿಗೆ ವಿಲೀನವಾಗದ ಬ್ಯಾಂಕ್ ಆಫ್ ಮಹಾರಾಷ್ಟ್ರವೂ ಈ ಅವಧಿಯಲ್ಲಿ ಚೇತರಿಸಿಕೊಂಡಿದೆ. ಹಾಗಾಗಿ ಶ್ರೇಯವನ್ನೆಲ್ಲ ವಿಲೀನದ ಖಾತೆಗೆ ಜಮೆ ಮಾಡುವುದು ಅವಸರ.

ಇನ್ನು ವಿದೇಶಿ ಸ್ಪರ್ಧೆ. ದೊಡ್ಡದಾಗದಿದ್ದರೆ ಹೊರಗಿನವರು ನುಂಗುತ್ತಾರೆ ಎಂಬ ಮಾತು ಮೂವತ್ತು ವರ್ಷದಿಂದ ಇದೆ. ನಡೆದದ್ದು ಬೇರೆ. 2005ರಲ್ಲಿ ರಿಸರ್ವ್ ಬ್ಯಾಂಕ್ ವಿದೇಶಿ ಬ್ಯಾಂಕುಗಳಿಗಾಗಿ ಎರಡು ಹಂತದ ಮಾರ್ಗಸೂಚಿ ತಂದಿತು. ಎರಡನೆಯ ಹಂತ 2009ರಲ್ಲಿ ಶುರುವಾಗಬೇಕಿತ್ತು. ಅಷ್ಟರಲ್ಲಿ ಜಾಗತಿಕ ಹಣಕಾಸು ಕುಸಿತ ಬಂದು ಕಡತ ಮುಚ್ಚಿತು. 2013ರಲ್ಲಿ, ಬೇಕಾದರೆ ಇಲ್ಲೇ ಪೂರ್ಣ ಒಡೆತನದ ಕಂಪನಿ ಕಟ್ಟಿ, ದೇಶಿ ಬ್ಯಾಂಕಿನ ಹತ್ತಿರಹತ್ತಿರ ಸವಲತ್ತು ಕೊಡುತ್ತೇವೆ ಎಂದರು. ಜತೆಗೆ ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ಶೇ 40 ಸಾಲ, ಬ್ಯಾಂಕಿಲ್ಲದ ಹಳ್ಳಿಗಳಲ್ಲಿ ಹೊಸ ಶಾಖೆಗಳ ಕಾಲುಭಾಗ ಎಂಬ ಷರತ್ತು. ಅನೇಕರು ಲೆಕ್ಕ ಹಾಕಿ ದೂರ ನಿಂತರು. ಆ ದಾರಿಯಲ್ಲಿ ಮೊದಲು ಬಂದವು ಸಿಂಗಪುರದ ಡಿಬಿಎಸ್, ಮಾರಿಷಸ್‌ನ ಎಸ್‌ಬಿಎಂ ಎರಡೇ. 1902ರಿಂದ ಇಲ್ಲಿದ್ದ ಸಿಟಿ ಬ್ಯಾಂಕು ತನ್ನ ಗ್ರಾಹಕ ವ್ಯವಹಾರವನ್ನು 2023ರಲ್ಲಿ ಆಕ್ಸಿಸ್‌ಗೆ ಮಾರಿತು. ವಿದೇಶಿ ಬ್ಯಾಂಕುಗಳ ಶಾಖೆಗಳನ್ನೆಲ್ಲ ಕೂಡಿಸಿದರೂ ದೇಶದಲ್ಲಿ ಒಂದು ಸಾವಿರ ದಾಟುವುದಿಲ್ಲ. ಕೆನರಾ ಒಂದಕ್ಕೇ ಒಂಬತ್ತು ಸಾವಿರಕ್ಕೂ ಮಿಕ್ಕಿ ಇವೆ.

ವಿದೇಶಿ ಬ್ಯಾಂಕು ಇಲ್ಲಿಯ ಬ್ಯಾಂಕನ್ನೇ ಹಿಡಿದ ಮೊದಮೊದಲ ಉದಾಹರಣೆಯೂ ನಮ್ಮ ಊರಿನದೇ. ವೈಶ್ಯ ಬ್ಯಾಂಕು 2002ರಲ್ಲಿ ಡಚ್ಚರ ಐಎನ್‌ಜಿ ಹಿಡಿತಕ್ಕೆ ಬಂದು ಐಎನ್‌ಜಿ ವೈಶ್ಯ ಆಯಿತು. ಕಡೆಗೆ 2015ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರದೊಳಗೆ ಸೇರಿತು.

ಈಚಿನ ದಾರಿ ಇನ್ನೂ ಸ್ಪಷ್ಟ: ಹೊಸ ಶಾಖೆ ತೆರೆಯಬೇಡ, ಪೆಟ್ಟು ತಿಂದ ಬ್ಯಾಂಕನ್ನು ಕೊಂಡುಕೋ. 2020ರ ನವೆಂಬರ್‌ನಲ್ಲಿ ಮುಳುಗುತ್ತಿದ್ದ ಕರೂರಿನ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ರಿಸರ್ವ್ ಬ್ಯಾಂಕೇ ಡಿಬಿಎಸ್‌ಗೆ ಸೇರಿಸಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. ಅದೇ ವರ್ಷ ಎಸ್‌ಬಿಐ ಮುಂದಾಳತ್ವದಲ್ಲಿ ದೇಶಿ ಬ್ಯಾಂಕುಗಳು ಹಣ ಹಾಕಿ ಎತ್ತಿ ನಿಲ್ಲಿಸಿದ ಯೆಸ್ ಬ್ಯಾಂಕಿನಲ್ಲಿ, 2025ರಲ್ಲಿ ಜಪಾನಿನ ಸುಮಿಟೊಮೊ ಮಿಟ್ಸುಯಿ ಅದೇ ಬ್ಯಾಂಕುಗಳಿಂದ 13,483 ಕೋಟಿ ರೂಪಾಯಿಗೆ ಶೇ 20 ಪಾಲು ಕೊಂಡಿತು. ಅಕ್ಟೋಬರ್‌ನಲ್ಲಿ ದುಬೈನ ಎಮಿರೇಟ್ಸ್ ಎನ್‌ಬಿಡಿ, ಆರ್‌ಬಿಎಲ್‌ಗೆ ಸುಮಾರು 26,850 ಕೋಟಿ ಹಾಕುವುದಾಗಿ ಹೇಳಿತು. ಆರ್‌ಬಿಎಲ್ ಎಂದರೆ 1943ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ರತ್ನಾಕರ ಬ್ಯಾಂಕು.

ನಿಯಮ ಇರುವುದು ಹೀಗೆ. ಖಾಸಗಿ ಬ್ಯಾಂಕಿನಲ್ಲಿ ಒಟ್ಟು ವಿದೇಶಿ ಪಾಲು ಶೇ 74ರವರೆಗೆ ಇರಬಹುದು, ಆದರೆ ಯಾವೊಬ್ಬ ಷೇರುದಾರನ ಮತವೂ ಶೇ 26 ದಾಟುವಂತಿಲ್ಲ. ಸರ್ಕಾರಿ ಬ್ಯಾಂಕಿನಲ್ಲಿ ವಿದೇಶಿ ಪಾಲಿನ ಮಿತಿ ಶೇ 20. ಅದನ್ನು 49ಕ್ಕೆ ಏರಿಸುವ ಯೋಚನೆ ಇದೆ ಎಂದು 2025ರಲ್ಲಿ ವರದಿಗಳು ಬಂದವು.

ಈಗ ಕರ್ನಾಟಕದಲ್ಲಿ ಮುಖ್ಯ ಕಚೇರಿ ಉಳಿಸಿಕೊಂಡಿರುವ ಸರ್ಕಾರಿ ಬ್ಯಾಂಕು ಕೆನರಾ ಒಂದೇ. ಖಾಸಗಿಯಲ್ಲಿ ಮಂಗಳೂರಿನ ಕರ್ಣಾಟಕ ಬ್ಯಾಂಕು 2024ರಲ್ಲಿ ನೂರು ತುಂಬಿಸಿತು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿ ಒಂದಾಗಿವೆ. ಮುಂದಿನ ಸುತ್ತು ಬಂದರೆ ಯುಕೊ, ಸೆಂಟ್ರಲ್, ಇಂಡಿಯನ್ ಓವರ್‌ಸೀಸ್, ಪಂಜಾಬ್ ಅಂಡ್ ಸಿಂಧ್‌ನಂಥವುಗಳ ಹೆಸರು ಓಡಾಡುತ್ತಿದೆ. ಕೊಳ್ಳುವ ಕಡೆಯಲ್ಲಿ ಕೆನರಾ ನಿಲ್ಲಬಹುದು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ವಿದೇಶಿ ಪಾಲಿನ ಶೇ 20ರ ಮಿತಿ ರಾಷ್ಟ್ರೀಕರಣದ ಕಾಯ್ದೆಯೊಳಗೇ ಇರುವುದರಿಂದ ಅದನ್ನು ಬದಲಿಸಲು ತಿದ್ದುಪಡಿ ಮಸೂದೆ ಬೇಕು, ಸಂಸತ್ತಿನಲ್ಲಿ ಚರ್ಚೆ ಆಗಬೇಕು. ಎರಡು ಸರ್ಕಾರಿ ಬ್ಯಾಂಕುಗಳನ್ನು ಒಂದು ಮಾಡಲು ಅದು ಬೇಡ. ರಿಸರ್ವ್ ಬ್ಯಾಂಕಿನ ಸಲಹೆ ಪಡೆದು ಸರ್ಕಾರ ಅಧಿಸೂಚನೆ ಹೊರಡಿಸಿದರೆ ಸಾಕು. ಅದರ ಪ್ರತಿಯನ್ನು ಆಮೇಲೆ ಸದನದ ಮೇಜಿನ ಮೇಲೆ ಇಡಲಾಗುತ್ತದೆ.