ಬಿಳಿ ಹೂ ಕಾಣುವ ಮುನ್ನ

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಕೈತೋಟದ ಪಾತಿಗಳ ನಡುವೆ, ಕ್ಯಾರೆಟ್ ಸೊಪ್ಪಿನಂತೆ ಆಳವಾಗಿ ಸೀಳಿದ ಎಲೆಗಳನ್ನು ನೆಲಕ್ಕೆ ಅಂಟಿಸಿದಂತೆ ಸುತ್ತಲೂ ಹರಡಿಕೊಂಡ ಸಸಿಯೊಂದು ಕಂಡರೆ, ಅದು ಬಹುತೇಕ ಪಾರ್ಥೇನಿಯಂ. ಊರ ಮಾತಿನಲ್ಲಿ ಕಾಂಗ್ರೆಸ್ ಗಿಡ. ಈ ಹಂತದಲ್ಲಿ ಅದನ್ನು ಸೇವಂತಿಗೆಯೆಂದೋ ಮಾಚಿಪತ್ರೆಯೆಂದೋ ತಿಳಿದು ನೀರೆರೆಯುವವರೂ ಇದ್ದಾರೆ. ಮಾಚಿಪತ್ರೆಯ ಘಮ ಇದಕ್ಕಿಲ್ಲ. ಕೆಲವೇ ದಿನಗಳಲ್ಲಿ ಉದ್ದುದ್ದ ಗೀರುಗಳಿರುವ ಕಾಂಡ ಮೇಲೆದ್ದು, ಕವಲೊಡೆದು, ತುದಿಯಲ್ಲಿ ಸಣ್ಣ ಬಿಳಿ ಹೂಗಳು ತುಂಬಿಕೊಳ್ಳುತ್ತವೆ.

ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಸಸ್ಯ 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಅಲ್ಲಿಂದಾಚೆಗೆ ದೇಶದ ಉದ್ದಗಲಕ್ಕೂ ಹಬ್ಬಿತು. ಇದರ ಬಲವಿರುವುದು ಬೀಜದಲ್ಲಿ. ಮೊಳೆತ ಸುಮಾರು ಒಂದು ತಿಂಗಳಲ್ಲೇ ಹೂಬಿಡುವ ಒಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲದು, ಮತ್ತು ಮಣ್ಣಿನಾಳದಲ್ಲಿ ಹೂತುಹೋದ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ಅಗೆತದಿಂದ ಮೇಲಕ್ಕೆ ಬಂದೊಡನೆ ಮೊಳೆಯುತ್ತವೆ. ಆದ್ದರಿಂದ ಪಾತಿಯನ್ನು ಪದೇ ಪದೇ ಆಳವಾಗಿ ಅಗೆಯುವುದು ಈ ಕಳೆಗೇ ಉಪಕಾರ ಮಾಡಿದಂತೆ.

ಕೀಳಲು ತಕ್ಕ ಹೊತ್ತು ಮಳೆ ನಿಂತ ಮರುದಿನ, ಮಣ್ಣು ಮೆತ್ತಗಿರುವಾಗ, ಹೂ ಕಾಣುವುದಕ್ಕೆ ಮುಂಚೆ. ಬುಡ ಉಳಿಯುವಂತೆ ಕುಡುಗೋಲಿನಿಂದ ಸವರಿದರೆ ಅದು ಮತ್ತೆ ಚಿಗುರುತ್ತದೆ, ಬೇರುಸಹಿತ ಬರಬೇಕು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಅಕ್ಕಪಕ್ಕದ ಸಸಿಗಳ ಬೆಳವಣಿಗೆಯನ್ನು ಕುಂಠಿಸುವುದಲ್ಲದೆ, ಮನುಷ್ಯರ ಚರ್ಮದಲ್ಲಿ ವರ್ಷಗಳ ಕಾಲ ಕಾಡುವ ತುರಿಕೆ, ಗಾಯಗಳನ್ನು ಉಂಟುಮಾಡಬಲ್ಲದು. ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ಉಬ್ಬಸವಿರುವವರು, ಈಗಾಗಲೇ ಅಲರ್ಜಿಯಾದವರು ಈ ಕೆಲಸಕ್ಕೆ ಇಳಿಯಲೇಬಾರದು. ಹೂಬಿಡದ ಗಿಡ ಗೊಬ್ಬರದ ಗುಂಡಿಗೆ ಹೋಗಬಹುದು. ಹೂವಾದದ್ದನ್ನು ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆಗೇ ಬೀಜವನ್ನೂ ಬಿತ್ತಿದಂತಾಗುತ್ತದೆ.

ಉಪ್ಪುನೀರು ಸಿಂಪಡಿಸುವ ಸಲಹೆ ಪಾಳುಜಾಗಕ್ಕೆ ಸರಿ, ತೋಟಕ್ಕಲ್ಲ. ಕಳೆ ಸತ್ತ ಮೇಲೂ ಉಪ್ಪು ಮಣ್ಣಿನಲ್ಲಿ ಉಳಿದು ಬದನೆ, ಹುರುಳಿಕಾಯಿಗಳನ್ನು ಬಾಧಿಸುತ್ತದೆ.

ಮೆಕ್ಸಿಕೊದಿಂದ ತಂದ ಜೈಗೊಗ್ರಾಮ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಡಲಾಯಿತು. ಬಿಳಿಚು ಬೆನ್ನಿನ ಮೇಲೆ ಕಂದು ಗೆರೆಗಳಿರುವ ಈ ಪುಟ್ಟ ಜೀವಿ ಪಾರ್ಥೇನಿಯಂ ಎಲೆಯನ್ನು ಆಸೆಯಿಂದ ತಿನ್ನುತ್ತದೆ. ಕಂಡರೆ ಅದಕ್ಕೆ ಕೀಟನಾಶಕ ಹೊಡೆಯಬೇಡಿ. ಆದರೆ ಮಳೆಗಾಲ ಮುಗಿದ ಮೇಲೆ ಅದು ಮಣ್ಣೊಳಗೆ ಅಡಗಿ ನಿದ್ರಿಸುತ್ತದೆ, ಆಗಲೂ ನಾವು ನೀರುಣಿಸುವ ಕೈತೋಟದಲ್ಲಿ ಬೀಜ ಮೊಳೆಯುತ್ತಲೇ ಇರುತ್ತದೆ. ಆ ತಿಂಗಳುಗಳಲ್ಲಿ ಖಾಲಿ ಪಾತಿಗೆ ಒಣಗಿದ ಎಲೆಗಳನ್ನು ದಪ್ಪಗೆ ಹೊದಿಸಿ, ಹೊರಗಿನಿಂದ ತರಿಸಿದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಸುರಿದ ಜಾಗವನ್ನು ವಾರಕ್ಕೊಮ್ಮೆ ಬಗ್ಗಿ ನೋಡಿ, ಸೀಳೆಲೆಯ ಸಸಿ ಅಂಗೈಯಗಲವಾಗುವ ಮೊದಲೇ ಕಿತ್ತುಬಿಡಬೇಕು.