ಹೈಬ್ರಿಡ್ ಕಾರಿನ ಮುಕ್ಕಾಲು ಯುನಿಟ್

ಕಳೆದ ತಿಂಗಳು ಮಣಿಪಾಲದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬೆಳಿಗ್ಗೆ ಎಂಟೂವರೆಗೇ ನಮ್ಮ ಗ್ಯಾರೇಜಿಗೆ ಬಂದರು. ಹೊಸ ಹೈಬ್ರಿಡ್ ಕಾರು, ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಕರೆಂಟಿನ ಮೋಟಾರೂ ಇರುವಂಥದ್ದು. ಪೂಜೆಗೆ ಹಾಕಿದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಮುಖದಲ್ಲಿ ಮಾತ್ರ ಚಿಂತೆ.

"ನೋಡಿ ಮಾರಾಯ್ರೇ, ಪೋರ್ಟಿಕೋದಲ್ಲಿ 16 ಆಂಪ್ಸ್ ಪಾಯಿಂಟ್ ಹಾಕಿಸಿದೆ. ಅರ್ತಿಂಗ್ ಕೂಡ ಬೇರೆ ಮಾಡಿಸಿದೆ. ಈಗ ನೋಡಿದ್ರೆ ಡಿಕ್ಕಿಯಲ್ಲಿ ಚಾರ್ಜಿಂಗ್ ವಯರೇ ಇಲ್ಲ. ಕೊಡ್ಲಿಕ್ಕೆ ಮರ್ತಿರ್ಬೇಕು ಅಲ್ವಾ?"

ಮರೆತಿಲ್ಲ ಸರ್, ಈ ಕಾರಿಗೆ ವಯರ್ ಇರುವುದೇ ಇಲ್ಲ ಎಂದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಕರೆಂಟ್ ಎಲ್ಲಿಂದ ಬರ್ತದೆ?"

ಈ ಪ್ರಶ್ನೆ ಈಗ ವಾರಕ್ಕೆ ನಾಲ್ಕು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕೇಳುವವರು ಓದಿದವರು, ಲೆಕ್ಕಾಚಾರದವರು, ಒಂದು ಮಿಕ್ಸಿ ಕೊಳ್ಳುವಾಗ ಮೂರು ಅಂಗಡಿ ಸುತ್ತುವವರು. ಆದರೆ ಇಪ್ಪತ್ತು ಲಕ್ಷದ ಕಾರು ಕೊಳ್ಳುವಾಗ ಇದೊಂದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. "ತನ್ನಷ್ಟಕ್ಕೆ ಚಾರ್ಜ್ ಆಗ್ತದೆ ಸರ್" ಎಂಬ ಒಂದು ಮಾತು ಹೇಳಿ ಕಳಿಸುತ್ತಾರೆ. ಆ ಮಾತಿನ ಮೇಲೆ ನನಗೆ ನಿಜವಾಗಿಯೂ ಸಿಟ್ಟುಂಟು. ತನ್ನಷ್ಟಕ್ಕೆ ಯಾವುದೂ ಚಾರ್ಜ್ ಆಗುವುದಿಲ್ಲ.

ಉತ್ತರ ಇಷ್ಟೇ. ಕರೆಂಟ್ ಬರುವುದು ಪೆಟ್ರೋಲಿನಿಂದ. ಪೂರ್ತಿ ಪೆಟ್ರೋಲಿನಿಂದ. ವಯರ್ ಚುಚ್ಚಿ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಎಂಬ ಜಾತಿ ಬೇರೆ ಉಂಟು. ನಮ್ಮ ಕಡೆ ಹೆಚ್ಚಾಗಿ ಓಡುವ ಹೈರೈಡರ್, ಗ್ರ್ಯಾಂಡ್ ವಿಟಾರ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಹೈಬ್ರಿಡ್ ಆ ಜಾತಿಯವಲ್ಲ.

ಬ್ಯಾಟರಿ ಎಷ್ಟು ದೊಡ್ಡದು ಎಂದು ಮೊದಲು ತಿಳಿದುಕೊಳ್ಳಿ. ಹೈರೈಡರ್, ಗ್ರ್ಯಾಂಡ್ ವಿಟಾರದ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ (ಮೋಟಾರೊಂದರಿಂದಲೇ ಸ್ವಲ್ಪ ದೂರ ಓಡಬಲ್ಲ ಮಾದರಿಯಲ್ಲಿ) ಇರುವುದು 0.76 ಕಿಲೋವ್ಯಾಟ್ ಅವರ್‌ನ ಬ್ಯಾಟರಿ. ಮೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಮುಕ್ಕಾಲು ಯುನಿಟ್. ಅದರಲ್ಲೂ ಪೂರ್ತಿ ಖಾಲಿ ಮಾಡಲು ಕಾರು ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. ಪೂರ್ತಿ ಎಲೆಕ್ಟ್ರಿಕ್ ಕಾರಾದ ನೆಕ್ಸಾನ್ ಇವಿ ಮೊದಲು ಬಂದಾಗಲೇ ಅದರಲ್ಲಿ 30 ಯುನಿಟ್ ಇತ್ತು. ಇನ್ನು ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯುನಿಟ್‌ನಷ್ಟು ಶಕ್ತಿ ಇರುತ್ತದೆ. ಹಾಗಿರುವಾಗ "ಬ್ಯಾಟರಿ ಮೇಲೆ ಎಷ್ಟು ಕಿಲೋಮೀಟರ್ ಓಡ್ತದೆ?" ಎಂದು ಕೇಳಿದರೆ ನಾನು ಏನು ಹೇಳಲಿ? ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹೋದರೆ ಒಂದೆರಡು ಕಿಲೋಮೀಟರ್ ಹೋಗಬಹುದು. ಆಮೇಲೆ ಎಂಜಿನ್ ಸ್ಟಾರ್ಟ್ ಆಗಲೇಬೇಕು.

"ಎಲ್ಲ ಪೆಟ್ರೋಲಿನಿಂದಲೇ ಬರುವುದಾದ್ರೆ ಮೈಲೇಜ್ ಹೇಗೆ ಜಾಸ್ತಿ?" ಇದು ಮುಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಇಲ್ಲಿ ಸ್ವಲ್ಪ ನಿಲ್ಲೋಣ.

ನಮ್ಮ ಊರಿನ ಮನೆಯನ್ನೇ ನೋಡಿ. ಬಾವಿ ಉಂಟು, ಪಂಪು ಉಂಟು, ಮೇಲೆ ಟಾಂಕಿ ಉಂಟು. ಟಾಂಕಿ ಇಲ್ಲದಿದ್ದರೆ ಒಂದು ಚೊಂಬು ನೀರಿಗೂ ಪಂಪು ಹಾಕಬೇಕು. ಪಾತ್ರೆ ತೊಳೆದು ಮುಗಿಯುವವರೆಗೆ ಅದು ಓಡುತ್ತಲೇ ಇರಬೇಕು, ಅರ್ಧ ನೀರು ಅಂಗಳಕ್ಕೆ. ಟಾಂಕಿ ಇದ್ದರೆ ಪಂಪು ಹತ್ತು ನಿಮಿಷ ಸರಿಯಾಗಿ ಓಡಿ ನಿಲ್ಲುತ್ತದೆ. ಆಮೇಲೆ ಬೇಕಾದಷ್ಟೇ ನಲ್ಲಿ ತಿರುಗಿಸಿದರಾಯಿತು. ನೀರು ಬಂದದ್ದು ಅದೇ ಬಾವಿಯಿಂದ. ಹಾಳಾಗುವುದು ಕಡಿಮೆಯಾಯಿತು, ಅಷ್ಟೇ.

ಪೆಟ್ರೋಲ್ ಬಾವಿ. ಎಂಜಿನ್ ಪಂಪು. ಹೈಬ್ರಿಡ್ ಬ್ಯಾಟರಿ ಒಂದು ಪುಟ್ಟ ಟಾಂಕಿ. ಪೆಟ್ರೋಲ್ ಎಂಜಿನ್ ನಿಧಾನಗತಿಯಲ್ಲಿ ಬಹಳ ಹಾಳು ಮಾಡುತ್ತದೆ. ಪಂಪ್‌ವೆಲ್‌ನಿಂದ ಕಂಕನಾಡಿ, ಜ್ಯೋತಿ ದಾಟಿ ಹಂಪನಕಟ್ಟೆಗೆ ಸಂಜೆ ಆರು ಗಂಟೆಗೆ ಹೋಗಿ ನೋಡಿ. ಮಾಮೂಲಿ ಕಾರು ನಿಂತಲ್ಲೇ ಪೆಟ್ರೋಲ್ ಸುಡುತ್ತಿರುತ್ತದೆ. ಹೈಬ್ರಿಡ್ ಅಲ್ಲಿ ಎಂಜಿನ್ ನಿಲ್ಲಿಸಿ ಮೋಟಾರಿನ ಮೇಲೆ ತೆವಳುತ್ತದೆ. ಚಾರ್ಜ್ ಇಳಿದಾಗ ಎಂಜಿನ್ ಸ್ಟಾರ್ಟ್ ಮಾಡಿ, ಅದಕ್ಕೆ ಹಿತವಾದ ವೇಗದಲ್ಲಿ ಓಡಿಸಿ, ಮತ್ತೆ ತುಂಬಿಸಿಕೊಳ್ಳುತ್ತದೆ.

ಇನ್ನೊಂದು, ಬ್ರೇಕ್. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ನೀವು ಪೆಟ್ರೋಲ್ ಸುಟ್ಟು ಗಳಿಸಿದ ಓಟ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಡೈನಮೋದ ಹಾಗೆ ತಿರುಗಿ ಅದರಲ್ಲಿ ಒಂದು ಪಾಲನ್ನು ವಾಪಸ್ ಹಿಡಿಯುತ್ತದೆ. ಮಾಡಿನಿಂದ ಇಳಿಯುವ ಮಳೆನೀರನ್ನು ಟಾಂಕಿಗೆ ತಿರುಗಿಸಿದ ಹಾಗೆ. ಇಷ್ಟು ಅರ್ಥವಾದರೆ ನನ್ನ ಅರ್ಧ ಕೆಲಸ ಮುಗಿಯಿತು.

ಇದು ಅರ್ಥವಾಗದೆ ಕಾರು ಕೊಂಡವರಲ್ಲಿ ಉಡುಪಿಯ ಒಬ್ಬ ತಮ್ಮನಂಥ ಹುಡುಗ. ದಿನಾ ಮಂಗಳೂರಿಗೆ ಹೋಗಿ ಬರುತ್ತಾನೆ. ಹೆಜಮಾಡಿ, ಮೂಲ್ಕಿ, ಸುರತ್ಕಲ್, ನೂರರ ಸ್ಪೀಡಿನಲ್ಲಿ ಒಂದೇ ಸಮ. ಕಂಪನಿ ಮೈಲೇಜ್ 27.97 ಎಂದಿದೆ, ನನಗೆ ಇಪ್ಪತ್ತೊಂದು ದಾಟುವುದಿಲ್ಲ, ಏನೋ ಫಾಲ್ಟ್ ಉಂಟು, ಸ್ಕ್ಯಾನರ್ ಹಾಕಿ ಎಂದು ಹಠ. ಹಾಕಿದೆ. ಯಾವ ಫಾಲ್ಟೂ ಇಲ್ಲ. ಆ 27.97 ಟೆಸ್ಟಿನಲ್ಲಿ ಬಂದ ಅಂಕಿ. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುವಾಗ ನಲ್ಲಿ ಪೂರ್ತಿ ತೆರೆದೇ ಇರುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಅಲ್ಲಿ ಟಾಂಕಿಗೆ ಹೆಚ್ಚು ಕೆಲಸವಿಲ್ಲ. ಲಾಭ ಸ್ವಲ್ಪ ಉಂಟು, ಆ ಎಂಜಿನ್ನೇ ಕಡಿಮೆ ಕುಡಿಯುವಂಥದ್ದು. ಆದರೆ ಅವನಿಗೆ ದೊಡ್ಡ ಲಾಭ ಸಿಗುವುದು ಕೊಟ್ಟಾರ ದಾಟಿ ಸಿಟಿಯೊಳಗೆ ಹೋಗುವ ಆ ನಾಲ್ಕು ಕಿಲೋಮೀಟರಿನಲ್ಲಿ ಮಾತ್ರ. ಅದೇ ಕಾರನ್ನು ಮಂಗಳೂರಿನ ಒಬ್ಬರು ಡಾಕ್ಟರ್ ಮೂರು ಆಸ್ಪತ್ರೆಗಳ ನಡುವೆ ಓಡಿಸುತ್ತಾರೆ. ಅವರಿಗೆ ಮೈಲೇಜ್ ಬಗ್ಗೆ ದೂರೇ ಇಲ್ಲ.

ಈ ಪ್ರಶ್ನೆಗಳು ಈಗ ಯಾಕೆ ಜಾಸ್ತಿಯಾದವು ಎಂದರೆ ಕಾರುಗಳೇ ಜಾಸ್ತಿಯಾದವು. 1997ರ ಡಿಸೆಂಬರಿನಲ್ಲಿ ಟೊಯೋಟಾ ಜಪಾನಿನಲ್ಲಿ ಪ್ರಿಯಸ್ ಮಾರಲು ಶುರು ಮಾಡಿತು. ಅವರ ಮೊದಲ 10 ಲಕ್ಷ ಹೈಬ್ರಿಡ್ ಮಾರಾಟವಾಗಲು 2007 ಬರಬೇಕಾಯಿತು. 2017ರ ಜನವರಿಗೆ ಒಟ್ಟು 1 ಕೋಟಿ ದಾಟಿತ್ತು. ಹಾಗಂತ ಎಲ್ಲ ಕಡೆ ಒಂದೇ ಸಮ ಏರಿದ್ದಲ್ಲ. ಅಮೆರಿಕದಲ್ಲಿ 2013ರಲ್ಲಿ ಸುಮಾರು 5 ಲಕ್ಷ ಹೈಬ್ರಿಡ್ ಹೋಗಿತ್ತು. ಪೆಟ್ರೋಲ್ ಅಗ್ಗವಾಯಿತು ನೋಡಿ, 2016ಕ್ಕೆ ಮೂರೂವರೆ ಲಕ್ಷಕ್ಕೆ ಇಳಿಯಿತು. 2023ರಲ್ಲಿ 10 ಲಕ್ಷ ದಾಟಿತು. ಅಲ್ಲಿಯೂ ಜನ ಬಂಕಿನ ಬೋರ್ಡ್ ನೋಡಿಯೇ ಕಾರು ಕೊಳ್ಳುವುದು.

ನಮ್ಮಲ್ಲಿ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂತು, 21.5 ಲಕ್ಷ. ಯಾರೂ ಕೊಳ್ಳಲಿಲ್ಲ, ಅದೇ ವರ್ಷ 8 ಲಕ್ಷ ಇಳಿಸಿದರು. 2010ರಲ್ಲಿ ಪ್ರಿಯಸ್ ಬಂತು. ಅದನ್ನು ನಾನು ಮಂಗಳೂರಿನಲ್ಲಿ ಒಮ್ಮೆ ನೋಡಿದ್ದು ಬಿಟ್ಟರೆ ಮುಟ್ಟಿದ್ದಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹೈಬ್ರಿಡ್‌ಗೆ ಸೆಸ್ ಸೇರಿ ಶೇ 43 ಬಿತ್ತು. ಎಲೆಕ್ಟ್ರಿಕ್‌ಗೆ ಶೇ 12, ಎರಡು ವರ್ಷದಲ್ಲಿ ಅದೂ ಶೇ 5. ಮತ್ತೆ ಹೈಬ್ರಿಡ್ ಮಲಗಿತು. 2022ರಲ್ಲಿ ಎಲ್ಲ ಬದಲಾಯಿತು. ಆ ಒಂದೇ ವರ್ಷದಲ್ಲಿ ಸಿಟಿ, ಹೈರೈಡರ್, ಗ್ರ್ಯಾಂಡ್ ವಿಟಾರ, ಹೈಕ್ರಾಸ್. ಕೊನೆಯ ಮೂರೂ ನಮ್ಮ ಬಿಡದಿಯಲ್ಲೇ ತಯಾರು. ಜೊತೆಗೆ ಡೀಸೆಲ್ ಕಾರುಗಳು ಒಂದೊಂದಾಗಿ ನಿಂತುಹೋಗುತ್ತಿದ್ದವು. ಡೀಸೆಲ್ ಬಿಟ್ಟವರು ಮೈಲೇಜ್ ಹುಡುಕಿ ಇಲ್ಲಿಗೆ ಬಂದರು. 2025ರ ಸೆಪ್ಟೆಂಬರಿನಿಂದ ಈ ಗಾತ್ರದವಕ್ಕೆ ಜಿಎಸ್‌ಟಿ ಶೇ 40 ಆಗಿದೆ. ಮೂರು ವರ್ಷದ ಹಿಂದೆ ನನ್ನ ಗ್ಯಾರೇಜಿಗೆ ತಿಂಗಳಿಗೆ ಒಂದು ಹೈಬ್ರಿಡ್ ಬರುತ್ತಿತ್ತು. ಈಗ ಕೆಲವು ದಿನ ಶೆಡ್ಡಿನಲ್ಲಿ ಒಂದೇ ಹೊತ್ತಿಗೆ ಎರಡು ನಿಂತಿರುತ್ತವೆ.

ಹೆಸರಿನ ಗೊಂದಲ ಬೇರೆ. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್‌ಗೆ ಸ್ಮಾರ್ಟ್ ಹೈಬ್ರಿಡ್ ಬಂತು, ಕೇಂದ್ರ ಸರ್ಕಾರದ ಫೇಮ್ ಯೋಜನೆಯ ಸಬ್ಸಿಡಿಯೂ ಸಿಕ್ಕಿತು. ಇಂಥ ಮೈಲ್ಡ್ ಹೈಬ್ರಿಡ್‌ಗಳಿಗೆ 2017ರ ಏಪ್ರಿಲ್‌ನಿಂದ ಅದು ನಿಂತಿತು, ಹೆಸರು ಉಳಿಯಿತು. ಎರ್ಟಿಗಾದ ಹಿಂದೆ ಆ ಹೆಸರು ನೋಡಿ ಸೆಕೆಂಡ್ ಹ್ಯಾಂಡಿಗೆ ನಲ್ವತ್ತು ಸಾವಿರ ಜಾಸ್ತಿ ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ಅದರಲ್ಲಿರುವುದು ಬೆಲ್ಟಿಗೆ ಜೋಡಿಸಿದ ಸಣ್ಣ ಮೋಟಾರು. ಸಿಗ್ನಲಿನಲ್ಲಿ ಎಂಜಿನ್ ನಿಲ್ಲಿಸಿ ಸ್ಟಾರ್ಟ್ ಮಾಡುತ್ತದೆ, ಎಳೆಯುವಾಗ ಸ್ವಲ್ಪ ಕೈ ಕೊಡುತ್ತದೆ. ಆ ಮೋಟಾರೊಂದರಿಂದಲೇ ಕಾರು ಓಡುವುದಿಲ್ಲ. ಕಾರು ಒಳ್ಳೆಯದೇ. ದಯವಿಟ್ಟು ಆ ಹೆಸರಿಗೆ ದುಡ್ಡು ಕೊಡಬೇಡಿ.

ಮಳೆಗಾಲ ಮುಗಿದ ಮೇಲೆ ಬರುವ ಇನ್ನೊಂದು ದೂರು ಆಗುಂಬೆಯದ್ದು. ಒಂದು ರಾತ್ರಿ ಒಂಬತ್ತಕ್ಕೆ ಸೋಮೇಶ್ವರದಿಂದ ಫೋನು. ಮನೆಮಂದಿಯೆಲ್ಲ ಶೃಂಗೇರಿಗೆ ಹೋಗಿ ಬರುತ್ತಿದ್ದರು. "ಅಣ್ಣ, ಘಾಟಿ ಇಳಿಯುವಾಗ ನಾನು ಎಕ್ಸಿಲೇಟರ್ ಮುಟ್ಲೇ ಇಲ್ಲ. ಎಂಜಿನ್ ಒಂದೇ ಸಮ ಬೊಬ್ಬೆ ಹಾಕ್ತದೆ. ಮಕ್ಕಳೆಲ್ಲ ಹೆದರಿದ್ದಾರೆ." ಪಾಪ, ಹೆದರುವಂಥದ್ದೇ. ಆದರೆ ಇಲ್ಲಿಯೂ ಅದೇ ಮುಕ್ಕಾಲು ಯುನಿಟ್ಟಿನ ಕತೆ. ಅಷ್ಟು ಭಾರದ ಕಾರು ಅಷ್ಟು ಎತ್ತರದಿಂದ ಇಳಿದರೆ ಆ ಪುಟ್ಟ ಟಾಂಕಿ ಹದಿನಾಲ್ಕು ತಿರುವು ಮುಗಿಯುವ ಎಷ್ಟೋ ಮೊದಲೇ ತುಂಬಿಬಿಡುತ್ತದೆ. ತುಂಬಿದ ಮೇಲೆ ಹೆಚ್ಚಿನ ಕರೆಂಟ್ ಎಲ್ಲಿಗೆ ಹೋಗಬೇಕು? ಆಗ ಕಾರು ಅದನ್ನು ಬಳಸಿ ಎಂಜಿನ್ನನ್ನು ಸುಮ್ನೆ ತಿರುಗಿಸಿ ಕಾರನ್ನು ಹಿಡಿದಿಡುತ್ತದೆ. ಹಾಗೆ ತಿರುಗುವಾಗ ಪೆಟ್ರೋಲ್ ಸುಡುವುದಿಲ್ಲ. ಬೊಬ್ಬೆ ಕೇಳಿದರೆ ಹೆದರಬೇಡಿ, ಗೇರನ್ನು ನ್ಯೂಟ್ರಲಿಗೆ ಮಾತ್ರ ತಳ್ಳಬೇಡಿ. ಗೇರಿನಲ್ಲಿ ಬಿ ಎಂಬ ಗುರುತು ಇದ್ದರೆ ಘಾಟಿ ಇಳಿಯುವಾಗ ಅದಕ್ಕೇ ಹಾಕಿ. ಶಿರಾಡಿಯಾದರೂ ಅಷ್ಟೇ, ಚಾರ್ಮಾಡಿಯಾದರೂ ಅಷ್ಟೇ.

ಹಣದ ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. ಸ್ಟ್ರಾಂಗ್ ಹೈಬ್ರಿಡ್‌ಗೆ ಮೂರು ಲಕ್ಷ ಜಾಸ್ತಿ ಎಂದಿಟ್ಟುಕೊಳ್ಳಿ. ಸಾದಾ ಕಾರು 15 ಕೊಡುತ್ತದೆ, ಇದು 22. ಪೆಟ್ರೋಲ್ ₹100. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ಉಳಿಯುವುದು ಸುಮಾರು ₹2,100. ಮೂರು ಲಕ್ಷ ವಾಪಸ್ ಬರಲು ಹತ್ತಿರ ಹತ್ತಿರ ಹನ್ನೆರಡು ವರ್ಷ. 2,500 ಓಡಿಸಿದರೆ ಐದು ವರ್ಷದೊಳಗೆ ಬರುತ್ತದೆ. ನಿಮ್ಮ ಅಂಕಿ ಬೇರೆ ಇರುತ್ತದೆ, ಅದನ್ನು ಹಾಕಿ ನೀವೇ ಮಾಡಿ. ಭಾನುವಾರ ಮಲ್ಪೆಗೆ, ಮದುವೆಗೆ, ಪೂಜೆಗೆ ಎಂದು ಮಾತ್ರ ಕಾರು ತೆಗೆಯುವವರಿಗೆ ನಾನು ಹೈಬ್ರಿಡ್ ಹೇಳುವುದಿಲ್ಲ. ಮೆತ್ತಗೆ, ಸದ್ದಿಲ್ಲದೆ ಓಡುತ್ತದೆ ಎಂಬ ಖುಷಿಗೆ ಕೊಂಡರೆ ಅದು ಬೇರೆ ಮಾತು. ಆ ಖುಷಿ ನನಗೂ ಗೊತ್ತು.

ಹೈಬ್ರಿಡ್ ಬ್ಯಾಟರಿ ಕೆಟ್ಟರೆ ಎಂಬ ಹೆದರಿಕೆ ಹಲವರಿಗೆ. ಟೊಯೋಟಾ ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ವಯರ್‌ಗಳನ್ನು ನಾನಂತೂ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ, ಅದು ಕಂಪನಿಯ ತರಬೇತಿ ಪಡೆದವರ ಕೆಲಸ. ನೀವು ಮಾಡಬೇಕಾದ್ದು ಒಂದೇ. ಕೆಲವು ಮಾಡೆಲ್‌ಗಳಲ್ಲಿ ಹಿಂದಿನ ಸೀಟಿನ ಹತ್ತಿರ ಒಂದು ಸಣ್ಣ ಜಾಲರಿ ಇರುತ್ತದೆ. ಬ್ಯಾಟರಿ ತಣ್ಣಗಾಗಲು ಗಾಳಿ ಎಳೆಯುವುದು ಅಲ್ಲಿಂದ. ಶಂಕರಪುರದ ಕಡೆಯ ಒಂದು ಮನೆಯವರು ಹಿಂದಿನ ಸೀಟಿನಲ್ಲಿ ಮಲ್ಲಿಗೆ ಸಾಗಿಸುತ್ತಿದ್ದರು. ಫ್ಯಾನ್ ಸದ್ದು ಎಂದು ತಂದರು. ಜಾಲರಿ ಬಿಚ್ಚಿದರೆ ಫಿಲ್ಟರ್ ತುಂಬ ಹೂ ಕಟ್ಟುವ ಬಾಳೆನಾರಿನ ಎಳೆಗಳು, ಒಣಗಿ ಕಂದಾದ ಮೊಗ್ಗುಗಳು, ಅದರ ಮೇಲೆ ನಾಯಿಯ ಕೂದಲು. ಮುಟ್ಟಿದರೆ ಕಂಬಳಿಯ ಹಾಗೆ ದಪ್ಪ. ಇನ್ನೂ ಪರಿಮಳ ಇತ್ತು. ಆ ಜಾಗಕ್ಕೆ ಚೀಲ, ಹಾಸು ಏನೂ ಅಡ್ಡ ಇಡಬೇಡಿ.

ಕೊನೆಗೆ ದುಬಾೖ, ಕತಾರ್‌ನಲ್ಲಿರುವವರಿಗೆ ಒಂದು ಮಾತು. ಇಷ್ಟು ಕರೆಂಟ್ ಇರುವ ಕಾರು ಸ್ಟಾರ್ಟ್ ಆಗದೇ ಇರುತ್ತದಾ ಎಂದು ಬಿಟ್ಟು ಹೋಗುತ್ತೀರಿ. ಹೈಬ್ರಿಡ್‌ನಲ್ಲೂ ಒಂದು ಮಾಮೂಲಿ 12 ವೋಲ್ಟ್ ಬ್ಯಾಟರಿ ಉಂಟು. ಕಾರಿನ ಕಂಪ್ಯೂಟರ್ ಎಚ್ಚರವಾಗುವುದು ಅದರಿಂದಲೇ. ಅದು ಸತ್ತರೆ ಹೈಬ್ರಿಡ್ ಬ್ಯಾಟರಿ ಇದ್ದೂ ಪ್ರಯೋಜನವಿಲ್ಲ. ಕುಂದಾಪುರದ ಒಂದು ಮನೆಯಿಂದ ಅಮ್ಮನೊಬ್ಬರು ಫೋನ್ ಮಾಡಿದರು, "ಹ್ವಾಯ್, ಮಗನ ಕಾರ್ ಸ್ಟಾರ್ಟೇ ಆತಿಲ್ಲ." ಹೈಬ್ರಿಡ್ ಬ್ಯಾಟರಿಯೇ ಹೋಗಿದೆ, ಲಕ್ಷಗಟ್ಟಲೆ ಆಗುತ್ತದೆ ಎಂದು ಯಾರೋ ಹೇಳಿ ಆಕೆ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಹತ್ತು ತಿಂಗಳು ನಿಂತ ಕಾರು. ಹೊಸ 12 ವೋಲ್ಟ್ ಬ್ಯಾಟರಿ ಹಾಕಿದೆ, ಕೆಲವು ಸಾವಿರದಲ್ಲಿ ಮುಗಿಯಿತು.

ಎರಡು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರನ್ನು ಆನ್ ಮಾಡಿ 'ರೆಡಿ' ದೀಪ ಹತ್ತಿರುವ ಹಾಗೆ ಇಡಿ, ಸಾಧ್ಯವಾದರೆ ಓಡಿಸಿ. ಮುಚ್ಚಿದ ಶೆಡ್ಡಿನೊಳಗೆ ಖಂಡಿತಾ ಬೇಡ. ಎಂಜಿನ್ ಯಾವಾಗ ಬೇಕಾದರೂ ಸ್ಟಾರ್ಟ್ ಆಗಬಹುದು, ಆ ಹೊಗೆ ಜೀವಕ್ಕೆ ಅಪಾಯ. ಕುಂದಾಪುರದ ಮನೆಯಲ್ಲಿ ಈಗ ಭಾನುವಾರ ಭಾನುವಾರ ತಂಗಿ ಬಂದು ಕಾರನ್ನು ಅಂಗಳಕ್ಕೆ ತೆಗೆಯುತ್ತಾಳಂತೆ. ಅಮ್ಮ ಪಕ್ಕದ ಸೀಟಿನಲ್ಲಿ ಕೂತು ಎಸಿ ಹಾಕಿಸಿಕೊಂಡು ಮಗನಿಗೆ ವಿಡಿಯೋ ಕಾಲ್ ಮಾಡುತ್ತಾರೆ.