ಕಳುವಾದ ಸೈಕಲ್ಲಿನ ಜಾತಕ ರಿಪೇರಿ ಪುಸ್ತಕದಲ್ಲಿತ್ತು

ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಮೇಷ್ಟ್ರು ಬಂದು ನಿಂತಿದ್ದರು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಭಾನುವಾರ ಬೆಳಕು ಹರಿಯುವ ಮೊದಲೇ ಕನಕಪುರ ರಸ್ತೆ ಹಿಡಿದು ಬೆಂಗಳೂರಿನ ತುರಹಳ್ಳಿ ಕಾಡಿನ ಕಡೆ ಹೊರಡುವವರು. ಅವತ್ತು ಕೈಯಲ್ಲಿ ತುಂಡಾದ ಕೇಬಲ್ ಲಾಕು ಮಾತ್ರ ಇತ್ತು. ಒಳಗಿನ ತಂತಿಗಳೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿದ್ದವು. ಕಟ್ಟರ್‌ನಲ್ಲಿ ಒಂದೇ ಸಲಕ್ಕೆ ಮುಗಿಸಿದ್ದಾರೆ.

"ಎಂಟು ವರ್ಷದ ಸೈಕಲ್ ಕಣಪ್ಪ. ಇವತ್ತೇ ಇನ್ನೊಂದು ಕೊಡು. ಈ ಸಲ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಇರಲಿ" ಅಂದರು.

ಕಳ್ಳತನ ಆದವರು ಹೆಚ್ಚಾಗಿ ಹೀಗೇ ಬರುತ್ತಾರೆ. ಹೊಟ್ಟೆ ಉರಿಯುತ್ತಿರುತ್ತದೆ, ಆ ಉರಿಯಲ್ಲೇ ಕೊಂಡುಬಿಡುತ್ತಾರೆ. ನಾನು ಅವತ್ತು ಮಾರಲಿಲ್ಲ. ಮೊದಲು ಸ್ಟೇಷನ್‌ಗೆ ಹೋಗಿ ದೂರು ಕೊಟ್ಟು ಬನ್ನಿ ಅಂದೆ. ಅಲ್ಲಿ ಬಿಲ್ಲು, ಫೋಟೋ ಜೊತೆಗೆ ಫ್ರೇಮ್ ನಂಬರ್ ಕೂಡ ಕೇಳಿದರಂತೆ. ಪೆಡಲಿನ ಕ್ರ್ಯಾಂಕ್ ಸೇರುವ ಜಾಗ ಇದೆಯಲ್ಲ, ಸೈಕಲ್ ತಲೆಕೆಳಗೆ ಮಾಡಿದರೆ ಸಾಮಾನ್ಯವಾಗಿ ಅಲ್ಲೇ ಆ ನಂಬರ್ ಒತ್ತಿರುತ್ತಾರೆ. ಮೇಷ್ಟ್ರ ಹತ್ತಿರ ಅದು ಇರಲಿಲ್ಲ. ನನ್ನ ರಿಪೇರಿ ಪುಸ್ತಕದಲ್ಲೂ ಇರಲಿಲ್ಲ. ಅದು ನನ್ನ ತಪ್ಪು. ಅಷ್ಟು ವರ್ಷ ಆ ಸೈಕಲ್ಲನ್ನು ತಲೆಕೆಳಗೆ ಮಾಡಿದವನು ನಾನೇ ಅಲ್ವಾ?

ಆದರೆ ಪುಸ್ತಕದಲ್ಲಿ ಬೇರೆಲ್ಲ ಇತ್ತು. ಹಿಂದಿನ ಟಯರ್ ನಾಲ್ಕು ಸಲ, ಮುಂದಿನದು ಎರಡು ಸಲ. ಹಿಂದಿನ ಆಕ್ಸಲ್ ಎರಡು ಸಲ ಮುರಿದಿದೆ. ಪಂಕ್ಚರ್ ಲೆಕ್ಕವೇ ಇಲ್ಲ, ಎಲ್ಲಾ ಜಾಲಿಮುಳ್ಳು. ಪೆಡಲಿನ ಹತ್ತಿರದ ಹಲ್ಲುಚಕ್ರಗಳಲ್ಲಿ, ಅಂದರೆ ಚೈನ್‌ರಿಂಗ್‌ಗಳಲ್ಲಿ, ದೊಡ್ಡದರ ಹಲ್ಲು ಸವೆದೇ ಇಲ್ಲ. ಇನ್ನೊಂದು ನನಗೆ ಚೆನ್ನಾಗಿ ನೆನಪಿತ್ತು: ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕಂಬಿಯ ಮೇಲಿನ ಧೂಳಿನ ಗೆರೆ. 100 ಮಿ.ಮೀ. ಕುಗ್ಗಬೇಕಾದ ಫೋರ್ಕು ಯಾವತ್ತೂ 35 ದಾಟಿರಲಿಲ್ಲ.

ಹೊಸ ಸೈಕಲ್ ಹೇಗಿರಬೇಕು ಅಂತ ಹಳೆಯದು ಹೇಳುತ್ತದೆ ಅಂದರೆ ಇದೇ.

ಆ ಫೋರ್ಕನ್ನೇ ತಗೊಳ್ಳಿ. ಒಳಗೆ ಉಕ್ಕಿನ ಸ್ಪ್ರಿಂಗ್. ಮೇಷ್ಟ್ರ ತೂಕ 58 ಕೆಜಿ. ಅವರಿಗಿಂತ ಭಾರದವರಿಗೆ ಹೊಂದುವ ಸ್ಪ್ರಿಂಗ್ ಅದು, ಅವರ ಕೆಳಗೆ ಕುಗ್ಗುತ್ತಲೇ ಇರಲಿಲ್ಲ. ಬಂಡೆಯ ಏಟೆಲ್ಲ ನೇರ ಮುಂಗೈಗೆ. ಅದಕ್ಕೇ ಅವರಿಗೆ "ಹಿಂದೆಯೂ ಸಸ್ಪೆನ್ಶನ್ ಬೇಕು" ಅನ್ನಿಸಿದ್ದು. ಬೇಕಾಗಿದ್ದದ್ದು ಮುಂದೆಯೇ ಸರಿಯಾಗಿ ಕೆಲಸ ಮಾಡುವ ಏರ್ ಫೋರ್ಕು. ಅದಕ್ಕೆ ಸಣ್ಣ ಪಂಪಿನಲ್ಲಿ ನಿಮ್ಮ ತೂಕಕ್ಕೆ ತಕ್ಕ ಗಾಳಿ ತುಂಬಬಹುದು. ಕಂಬಿಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. 100 ಮಿ.ಮೀ. ಫೋರ್ಕಿನಲ್ಲಿ, ನೀವು ಹತ್ತಿ ಸುಮ್ನೆ ನಿಂತಾಗ ಅದು 15ರಿಂದ 20 ಮಿ.ಮೀ. ಸರಿದರೆ ಕ್ರಾಸ್-ಕಂಟ್ರಿಗೆ, ಅಂದರೆ ಇಂಥ ಕಚ್ಚಾದಾರಿಯ ಓಟಕ್ಕೆ, ಸರಿಯಾದ ಗಾಳಿ.

ಹಿಂದೆಯೂ ಸಸ್ಪೆನ್ಶನ್ ಇರುವ ಸೈಕಲ್ ಕೆಟ್ಟದ್ದು ಅಂತಲ್ಲ. ಅದರ ಕೀಲು ಕೀಲಿಗೂ ಬೇರಿಂಗ್ ಇರುತ್ತದೆ, ಶಾಕ್‌ಗೆ ಬೇರೆ ಸರ್ವೀಸು. ನಮ್ಮ ಧೂಳಿಗೆ ಖರ್ಚು ಜಾಸ್ತಿ. ಅದೇ ದುಡ್ಡಿಗೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಸೈಕಲ್ ಕೊಂಡರೆ ಫೋರ್ಕು, ಹಬ್ಬು (ಚಕ್ರದ ನಡುವಿನ ಗುಂಬ), ಬ್ರೇಕು ಒಂದು ಮೆಟ್ಟಿಲು ಮೇಲಿನವು ಸಿಗುತ್ತವೆ. ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ನಾನು ಹಾರ್ಡ್‌ಟೇಲನ್ನೇ ಹೇಳುತ್ತೇನೆ.

ಇನ್ನು ಮುರಿದ ಆಕ್ಸಲ್. ಮೇಷ್ಟ್ರದ್ದರಂಥ 21 ಗೇರಿನ ಸೈಕಲ್ಲಿನಲ್ಲಿ ಹಿಂದಿನ ಹಲ್ಲುಚಕ್ರದ ಗೊಂಚಲನ್ನು ಹಬ್ಬಿನ ಮೇಲೆ ತಿರುಚಿ ಕೂರಿಸಿರುತ್ತಾರೆ. ನಾವು ಅದಕ್ಕೆ ಫ್ರೀವೀಲ್ ಅನ್ನುತ್ತೇವೆ. ಅಲ್ಲಿ ಬಲಗಡೆಯ ಬೇರಿಂಗ್ ಒಳಗೆಲ್ಲೋ ಉಳಿಯುತ್ತದೆ. ಅಲ್ಲಿಂದ ಹೊರಗಿನ ಆಕ್ಸಲ್‌ಗೆ ಆಸರೆಯೇ ಇಲ್ಲ. ಕಲ್ಲಿನ ಮೇಲೆ ಧಡ್ ಅಂತ ಇಳಿದಾಗ ಮುರಿಯುವುದು ಅಲ್ಲೇ. ಇನ್ನೊಂದು ಬಗೆಯಾದ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಹತ್ತಿರ ಕೂರುತ್ತದೆ. ಹೊಸ ಸೈಕಲ್ ನೋಡುವಾಗ ಬಣ್ಣ ಆಮೇಲೆ, ಮೊದಲು ಇದನ್ನು ಕೇಳಿ. ಹಿಂದೆ 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್, ಅಂದರೆ ಫ್ರೇಮಿನ ಈ ಬದಿಯಿಂದ ಆ ಬದಿಗೆ ತೂರಿಸಿ ಬಿಗಿಯುವ ಆಕ್ಸಲ್, ಸಿಕ್ಕರಂತೂ ಬಿಡಬೇಡಿ.

ದೊಡ್ಡ ಚೈನ್‌ರಿಂಗ್ ನೀವು ಬಳಸೇ ಇಲ್ಲ, ಮುಂದೆ ಒಂದೇ ಸಾಕು ಅಂದಾಗ ಮೇಷ್ಟ್ರು ಬೇಜಾರು ಮಾಡಿಕೊಂಡರು. "ಮುಂದೆ ಒಂದೇ ಚೈನ್‌ರಿಂಗಾ? ಏರು ಹತ್ತೋದು ಹೇಗೆ?" ಬಿಲ್ಲಿನ ಹಿಂದೆಯೇ ಲೆಕ್ಕ ಹಾಕಿದೆವು. ಹಳೆಯದರಲ್ಲಿ ಅತಿ ಹಗುರ ಗೇರು ಮುಂದೆ 24 ಹಲ್ಲು, ಹಿಂದೆ 34, ಚಕ್ರ 26 ಇಂಚು. ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿ ಚಕ್ರದ ಇಂಚಿನಿಂದ ಗುಣಿಸಿದರೆ 18.4. ಈ ಸಂಖ್ಯೆ ಕಡಿಮೆಯಾದಷ್ಟೂ ಗೇರು ಹಗುರ. ಹೊಸದರಲ್ಲಿ ಮುಂದೆ 32, ಹಿಂದೆ 51, ಚಕ್ರ 29. ಬಂದದ್ದು 18.2. ಮುಂದೆ 30 ಹಲ್ಲಿನದು ಹಾಕಿದರೆ 17.1, ಇನ್ನೂ ಹಗುರ. ಲೆಕ್ಕ ಅವರೇ ಇನ್ನೊಮ್ಮೆ ಮಾಡಿ ನೋಡಿದರು, ಆಮೇಲೆ ಮಾತಾಡಲಿಲ್ಲ. 29ರ ಚಕ್ರ ಕಲ್ಲು ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ, ಆದರೆ ಚಕ್ರ ದೊಡ್ಡದಾದರೆ ಗೇರು ಭಾರವಾಗುತ್ತದೆ. ಅಂಗಡಿಯಲ್ಲಿ ಹಲ್ಲು ಎಣಿಸುವಾಗ ಇದನ್ನು ಮರೆಯಬಾರದು.

ಮುಳ್ಳಿಗೆ ಟ್ಯೂಬ್‌ಲೆಸ್ ಒಂದೇ ದಾರಿ. ಒಳಗೆ ಸೀಲೆಂಟ್ ಹಾಲು ಇದ್ದರೆ ಜಾಲಿಮುಳ್ಳಿನ ತೂತು ಓಡುತ್ತಲೇ ಮುಚ್ಚಿಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಹಾಲು ಒಣಗುತ್ತದೆ, ಮತ್ತೆ ಹಾಕಿಸಬೇಕು.

ಅಳತೆಯ ವಿಷಯದಲ್ಲಿ ಹಳೆಯ ಸೈಕಲ್ಲಿನ ಸೈಜನ್ನೇ ಹೇಳಿ ತರಿಸಿಕೊಳ್ಳಬೇಡಿ. ಈಗಿನ ಫ್ರೇಮ್ ಉದ್ದ, ಹ್ಯಾಂಡಲ್ ಹಿಡಿಯುವ ಸ್ಟೆಮ್ ಗಿಡ್ಡ. ಹೆಸರಿಗೆ ಅದೇ ಮೀಡಿಯಂ, ಕೂತರೆ ಬೇರೆ. ಮೇಷ್ಟ್ರನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಕಾಲ ಸಂದಿಗೆ ಪುಸ್ತಕ ಒತ್ತಿ ಅಳೆದೆ: 78 ಸೆಂ.ಮೀ. ಅದನ್ನು 0.883ರಿಂದ ಗುಣಿಸಿದರೆ ಸುಮಾರು 69. ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿಟ್ಟು ಶುರು ಮಾಡಿದೆವು. ಸ್ಮಾಲ್ ಮೇಲೂ ಮೀಡಿಯಂ ಮೇಲೂ ಹತ್ತತ್ತು ನಿಮಿಷ ಓಡಿಸಿದರು. ಸ್ಮಾಲ್‌ನಲ್ಲಿ ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ತಾಗಿತು. ಮೀಡಿಯಂ ಆಯ್ತು.

ಹತ್ತು ದಿನ ಬಿಟ್ಟು ತಗೊಂಡರು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಉಳಿದ ದುಡ್ಡಿನಲ್ಲಿ ದಪ್ಪ ಸರಳಿನ ಯು-ಲಾಕ್ ಕೊಡಿಸಿದೆ. ಅದನ್ನು ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಡಿ, ಫ್ರೇಮ್ ಸೇರಿಸಿ ಕಂಬಕ್ಕೆ ಹಾಕಿ ಅಂದೆ. ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಹೊತ್ತುಕೊಂಡು ಹೋಗಲು ಎರಡು ನಿಮಿಷ ಸಾಕು.

ಹೊರಡುವ ಮುಂಚೆ ಸೈಕಲ್ ತಲೆಕೆಳಗೆ ಮಾಡಿ ನಂಬರ್ ಬರೆದುಕೊಂಡೆ. ಮೇಷ್ಟ್ರು ಫೋನಿನಲ್ಲಿ ಫೋಟೋ ತೆಗೆದರು. ಆ ವಾರದಿಂದ ರಿಪೇರಿಗೆ ಬರುವ ಪ್ರತಿ ಸೈಕಲ್ಲಿನ ನಂಬರನ್ನೂ ಬರೆದಿಡುತ್ತಿದ್ದೇನೆ.